ಒಂದಕ್ಷರಕ್ಕೆ ಒಂದೂವರೆ ದಿನ

ಕಳೆದ ವಾರ ನಾನು ಒಂದೇ ಒಂದು ಅಕ್ಷರ ಬದಲಾಯಿಸಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಪೈಥಾನ್ ಭಾಷೆಯಲ್ಲಿ ನಾನೇ ಬರೆದ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ ಅದು. ತಿಂಗಳಿಗೊಮ್ಮೆ ಒಂದು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಟೇಬಲ್) ಫೈಲ್ ಓದಿ, ಲೆಕ್ಕ ಹಾಕಿ, ವರದಿ ಕೊಡುತ್ತದೆ. ಅಷ್ಟೇ. ಫೈಲ್ ಕಳಿಸುವವರು ಒಂದು ಕಾಲಮ್ ಹೆಸರಿನ ಮೊದಲ ಅಕ್ಷರವನ್ನು ಸ್ಮಾಲ್‌ನಿಂದ ಕ್ಯಾಪಿಟಲ್ ಮಾಡಿದ್ದರು. ನಾನೂ ಹಾಗೇ ಮಾಡಿದರೆ ಮುಗೀತು. ಐದು ನಿಮಿಷ ಅಂತ ಹೇಳಿ ಕೂತೆ.

ಇಷ್ಟು ವರ್ಷ ಅದು ಓಡುತ್ತಿದ್ದ ಹಳೇ ಲ್ಯಾಪ್‌ಟಾಪ್ ಈಗಿಲ್ಲ. ಹೊಸದರಲ್ಲಿ ಪೈಥಾನ್ 3.12 ಇದೆ. ಸ್ಕ್ರಿಪ್ಟ್‌ಗೆ ಬೇಕಾದ ಪ್ಯಾಕೇಜ್‌ಗಳ, ಅಂದರೆ ಬೇರೆಯವರು ಬರೆದಿಟ್ಟ ಕೋಡ್‌ನ, ಪಟ್ಟಿ ಇರುವ ರಿಕ್ವೈರ್‌ಮೆಂಟ್ಸ್ ಫೈಲ್ ತೆಗೆದರೆ ಆರು ಸಾಲು. ಲೆಕ್ಕದ ಪ್ಯಾಕೇಜ್ ನಂಪೈಗೆ ಮಾತ್ರ 1.17.4 ಅಂತ ಆವೃತ್ತಿ ಬರೆದಿದ್ದೆ. ಉಳಿದ ಐದಕ್ಕೆ ಬರೀ ಹೆಸರು. ಒಂದಕ್ಕೆ ಯಾಕೆ ಬರೆದೆ, ಐದಕ್ಕೆ ಯಾಕೆ ಬಿಟ್ಟೆ ಅಂತ ಕೇಳಿದರೆ ನನ್ನ ಹತ್ರ ಉತ್ತರ ಇಲ್ಲ.

ಪ್ಯಾಕೇಜ್ ಇಳಿಸಿ ಹಾಕುವ ಪಿಪ್‌ಗೆ ಇನ್‌ಸ್ಟಾಲ್ ಮಾಡು ಅಂದೆ. ಅಷ್ಟು ಹಳೇ ನಂಪೈಗೆ 3.12ರ ವ್ಹೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಸಿದ್ಧ ಪ್ಯಾಕೇಜ್) ಎಲ್ಲಿಂದ ಬರಬೇಕು? ಪಿಪ್ ಪಾಪ ಸೋರ್ಸ್ ಇಳಿಸಿಕೊಂಡು ಸಿ ಕೋಡ್ ಕಂಪೈಲ್ ಮಾಡೋಕೆ ಹೊರಟಿತು. ಪರದೆ ತುಂಬ ದೋಷ ಹೇಳುವ ಕೆಂಪು ಸಾಲುಗಳು. ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಆವೃತ್ತಿ ಸಂಖ್ಯೆ ಅಳಿಸಿದೆ. ಎಲ್ಲವೂ ನಗುನಗುತ್ತಾ ಇನ್‌ಸ್ಟಾಲ್ ಆಯಿತು.

ಓಡಿಸಿದೆ. ಡಿಸ್ಟ್‌ಯುಟಿಲ್ಸ್ ಅನ್ನೋ ಮಾಡ್ಯೂಲೇ ಇಲ್ಲ ಅಂತು. ಎಷ್ಟೋ ವರ್ಷ ಪೈಥಾನ್ ಜೊತೆಗೇ ಬರುತ್ತಿದ್ದ ಮಾಡ್ಯೂಲ್ ಅದು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ತೆಗೆದುಬಿಟ್ಟರು. ಹೇಳದೆ ಕೇಳದೆ ತೆಗೆದರು ಅನ್ನುವ ಹಾಗೂ ಇಲ್ಲ, 3.10ರಿಂದಲೇ ಎಚ್ಚರಿಕೆ ಬರುತ್ತಿತ್ತು. ಎಚ್ಚರಿಕೆ ಓದುವವರು ಯಾರು? ಆ ಸಾಲು ಕಿತ್ತು ಮತ್ತೆ ಓಡಿಸಿದೆ. ಈಗ ಡೇಟಾಫ್ರೇಮ್‌ಗೆ, ಅಂದರೆ ಟೇಬಲ್‌ಗೆ, ಸಾಲು ಸೇರಿಸುವ ಅಪೆಂಡ್ ಇಲ್ಲ ಅಂತು. ಟೇಬಲ್ ನಿಭಾಯಿಸುವ ಪ್ಯಾಕೇಜ್ ಪಾಂಡಾಸ್‌ನ 2.0ದಲ್ಲಿ ಅದಕ್ಕೂ ಎಳ್ಳುನೀರು ಬಿಟ್ಟಿದ್ದಾರೆ. ನಾನು ಅದನ್ನು ಒಂಬತ್ತು ಕಡೆ ಬಳಸಿದ್ದೆ, ಅದೂ ಕೋಡ್ ನಿಧಾನವಾಗುವ ಹಾಗೆ ಲೂಪ್ ಒಳಗೆ. ಅಂಥವನಿಗೆ ಈ ಶಾಸ್ತಿ ಆಗಬೇಕಾದದ್ದೇ, ಅದು ಬೇರೆ ಮಾತು.

ಒಂಬತ್ತು ಕಡೆಯೂ ಅದರ ಬದಲು, ಟೇಬಲ್‌ಗಳನ್ನು ಜೋಡಿಸುವ ಕಾನ್‌ಕ್ಯಾಟ್ ಹಾಕಿದೆ. ಓಡಿತು. ವರದಿಯೂ ಬಂತು. ಯಾಕೋ ಅನುಮಾನ ಬಂದು, ಹಿಂದಿನ ತಿಂಗಳೊಂದರ ಫೈಲ್ ಕೊಟ್ಟು ನೋಡಿದೆ. ಮೊತ್ತ ಹಳೇ ವರದಿಗೆ ತಾಳೆಯಾಗಲಿಲ್ಲ. ನಿಜವಾಗಿ ಹೆದರಿದ್ದು ಆಗ. ಕೆಂಪು ಸಾಲು ಬಂದರೆ ಬೈದುಕೊಂಡು ಸರಿ ಮಾಡಬಹುದು. ಯಾವ ಸದ್ದೂ ಇಲ್ಲದೆ ತಪ್ಪು ಮೊತ್ತ ಬಂದರೆ?

ಮಾರನೇ ದಿನ ಬೇರೆ ದಾರಿ ಹಿಡಿದೆ. ಯುವಿ ಅನ್ನೋ ಪ್ಯಾಕೇಜ್ ಮ್ಯಾನೇಜರ್ 2024ರಲ್ಲಿ ಬಂತು, ರಸ್ಟ್ ಭಾಷೆಯಲ್ಲಿ ಬರೆದದ್ದು. ಎಲ್ಲರೂ ಅದರ ವೇಗ ಹೊಗಳುತ್ತಾರೆ. ನನಗೆ ಇಷ್ಟವಾದದ್ದು ಅದರ ಒಂದು ಸಣ್ಣ ಆಯ್ಕೆ. ಒಂದು ತಾರೀಖು ಕೊಟ್ಟರೆ, ಅದರ ನಂತರ ಬಂದ ಯಾವ ಪ್ಯಾಕೇಜನ್ನೂ ಅದು ಮುಟ್ಟುವುದಿಲ್ಲ. ಪೈಥಾನ್ 3.8 ಹಾಕಿ, 2020ರ ಜನವರಿ 1 ಅಂತ ಕೊಟ್ಟೆ. ಹಳೇ ನಂಪೈ, ಹಳೇ ಪಾಂಡಾಸ್ ಎಲ್ಲ ಬಂದು ಕೂತವು. ನನ್ನ ಹಳೇ ಕೋಡ್ ಒಂದಿಷ್ಟೂ ಮುಟ್ಟದೆ ಓಡಿತು. ಮೊತ್ತವೂ ಸರಿ.

ಅಲ್ಲಿಗೇ ಬಿಡುವ ಹಾಗಿರಲಿಲ್ಲ. 3.8ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತು ಹೋಗಿದ್ದೇ 2024ರಲ್ಲಿ. ಹಾಗಾಗಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಓಡಿಸಿ, ಒಂದೊಂದೇ ಹಂತ ಹೋಲಿಸುತ್ತಾ ಹೋದೆ. ತಪ್ಪು ಸಿಕ್ಕಿತು. ಒಂಬತ್ತರಲ್ಲಿ ಒಂದು ಕಡೆ ಕಾನ್‌ಕ್ಯಾಟ್ ಕೊಟ್ಟ ಹೊಸ ಟೇಬಲ್ಲನ್ನು ಯಾವ ವೇರಿಯಬಲ್‌ಗೂ ಹಾಕಿರಲಿಲ್ಲ. ಸಾಲುಗಳು ಗಾಳಿಗೆ ಹೋಗಿದ್ದವು. ತಪ್ಪು ನನ್ನದೇ. ಆದರೆ ಆ ಒಂಬತ್ತು ಜಾಗ ಮುಟ್ಟುವ ಆಸೆ ನನಗೇನೂ ಇರಲಿಲ್ಲವಲ್ಲ. ನಾನು ಬಂದಿದ್ದು ಒಂದಕ್ಷರಕ್ಕೆ.

ಪೈಥಾನ್ ಪ್ಯಾಕೇಜಿಂಗ್ ಅಂದರೆ ಗೋಜಲು ಅಂತ ಬೈಯುವುದು ನಮ್ಮಲ್ಲಿ ಒಂದು ಹವ್ಯಾಸ. ನಾನೂ ಬೈದಿದ್ದೇನೆ. ಈಗ ಅಷ್ಟು ಮನಸ್ಸು ಬರುವುದಿಲ್ಲ. ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲ್ ಮಾಡುವ ಟೂಲ್‌ಗಳು 2019ರಲ್ಲೂ ಇದ್ದವು, ನಾನು ಮಾಡಿರಲಿಲ್ಲ ಅಷ್ಟೇ. ಒಂದು ಟೂಲ್ ಎಷ್ಟು ಬೇಗ ಇನ್‌ಸ್ಟಾಲ್ ಮಾಡುತ್ತದೆ ಅನ್ನುವುದಕ್ಕಿಂತ, ಐದು ವರ್ಷ ಯಾರೂ ಮುಟ್ಟದೆ ಬಿಟ್ಟರೆ ಕೋಡ್ ಏಳುತ್ತದಾ ಅನ್ನೋದು ನನಗೆ ಮುಖ್ಯ. ಈ ಪ್ರಶ್ನೆಯನ್ನು ಯಾವ ಇಂಟರ್‌ವ್ಯೂನಲ್ಲೂ ಯಾರೂ ನನ್ನನ್ನು ಕೇಳಿಲ್ಲ. ಯಾವ ಫ್ರೇಮ್‌ವರ್ಕ್ ಗೊತ್ತು ಅಂತ ಮಾತ್ರ ಎಲ್ಲರೂ ಕೇಳಿದ್ದಾರೆ.

2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನೋ ಜಾವಾಸ್ಕ್ರಿಪ್ಟ್ ಭಾಷೆಯ ಪ್ಯಾಕೇಜ್‌ನ ಗಲಾಟೆ ಆಯ್ತಲ್ಲ, ಅದರಲ್ಲಿದ್ದ ಕೋಡ್ ಹನ್ನೊಂದು ಸಾಲು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದು ಅದರ ಕೆಲಸ. ತನ್ನ ಇನ್ನೊಂದು ಪ್ಯಾಕೇಜ್‌ನ ಹೆಸರಿನ ಜಗಳದಲ್ಲಿ ಬರೆದವನು ಪ್ಯಾಕೇಜ್ ಭಂಡಾರವಾದ ಎನ್‌ಪಿಎಂನಿಂದ ಅದನ್ನು ತೆಗೆದ, ಅದರ ಮೇಲೆ ನಿಂತಿದ್ದ ಎಷ್ಟೋ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದು ಬಿತ್ತು. 2017ರಲ್ಲಿ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಜಾವಾಸ್ಕ್ರಿಪ್ಟ್ ಒಳಗೇ ಬಂತು. ಹಾಗಿದ್ದರೂ ಲೆಫ್ಟ್‌ಪ್ಯಾಡ್ ಡೌನ್‌ಲೋಡ್ ಆಗುತ್ತಲೇ ಇದೆ. ತೆಗೆದು ಹಾಕುವುದು ಯಾರ ಕೆಲಸವೂ ಅಲ್ಲ ನೋಡಿ.

ಎಕ್ಸ್‌ಝೆಡ್ ಕಥೆ ಇನ್ನೂ ಜಾಸ್ತಿ ಕಾಡುತ್ತದೆ. ಸಂಬಳವಿಲ್ಲದೆ ಒಬ್ಬರೇ ನೋಡಿಕೊಳ್ಳುತ್ತಿದ್ದ, ಫೈಲ್ ಕುಗ್ಗಿಸುವ ಲೈಬ್ರರಿ ಅದು. ಯಾಕಿಷ್ಟು ನಿಧಾನ, ಬೇರೆಯವರಿಗೆ ಕೊಡಿ ಅಂತ ಅವರ ಮೇಲೆ ಒತ್ತಡ. ಸಹಾಯಕ್ಕೆ ಅಂತ ಬಂದ ಒಬ್ಬ ಎರಡು ವರ್ಷಕ್ಕೂ ಜಾಸ್ತಿ ನಯವಾಗಿ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್. ದೂರದ ಕಂಪ್ಯೂಟರ್‌ಗೆ ಸೇರಿಸುವ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿತ್ತು, ಅದೇ ಸುಳಿವು. ನಾನಾಗಿದ್ದರೆ ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ಚಹಾಕ್ಕೆ ಎದ್ದು ಹೋಗುತ್ತಿದ್ದೆ.

ನಮ್ಮ ವಾರ್ಷಿಕ ರಿವ್ಯೂ ಫಾರಂನಲ್ಲಿ ಈ ವರ್ಷ ಹೊಸದಾಗಿ ಏನು ಮಾಡಿದಿರಿ ಅಂತ ಒಂದು ಕಾಲಂ ಇದೆ. ಹಳೆಯದು ಬೀಳದ ಹಾಗೆ ನೋಡಿಕೊಂಡೆ ಅಂತ ಬರೆಯಲು ಜಾಗ ಇಲ್ಲ. ಒಂದು ವರ್ಷ ಹನ್ನೆರಡು ಪ್ಯಾಕೇಜ್ ತೆಗೆದು ಹಾಕಿದೆ ಅಂತ ಬರೆದಿದ್ದೆ. ಮ್ಯಾನೇಜರ್ ಒಳ್ಳೆಯವರೇ, ಇದನ್ನು ಸ್ವಲ್ಪ ಪಾಸಿಟಿವ್ ಆಗಿ ಹೇಳೋಕೆ ಆಗುತ್ತಾ ಅಂತ ಕೇಳಿದರು.

ವರದಿ ಕಳಿಸಿದೆ. ಥ್ಯಾಂಕ್ಸ್, ಏನಾಗಿತ್ತು ಅಂತ ಉತ್ತರ ಬಂತು. ಒಂದಕ್ಷರ ತಪ್ಪಿತ್ತು ಅಂದೆ.

ಆರು ಸಾಲಿನ ಫೈಲ್ ಈಗ ಮೂರು ಸಾಲಿಗೆ ಇಳಿದಿದೆ, ಪಕ್ಕದಲ್ಲಿ ಲಾಕ್ ಫೈಲ್ ಇದೆ. ಮೂರನೆಯದು ತಾರೀಖು ಓದುವ ಲೈಬ್ರರಿ. ಅದನ್ನೂ ತೆಗೆದು ನಾನೇ ಬರೆದುಬಿಡಲಾ ಅಂತ ನಿನ್ನೆ ರಾತ್ರಿ ಅನ್ನಿಸಿತು. ಆಮೇಲೆ ಫೆಬ್ರವರಿ 29 ನೆನಪಾಗಿ ಲ್ಯಾಪ್‌ಟಾಪ್ ಮುಚ್ಚಿದೆ.