ಅಂಗಡಿ ಮುಚ್ಚಿದರೂ ಉಳಿದ ಕಾಫಿ: ಎಯ್ಟ್ ಓ ಕ್ಲಾಕ್

ಕಲಬುರಗಿ ಚಹಾದ ಊರು. ಇಲ್ಲಿ ಕುಳಿತು ಅಮೆರಿಕದ ಕಾಫಿಯ ಬಗ್ಗೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ‘ಎಯ್ಟ್ ಓ ಕ್ಲಾಕ್’ ಕಾಫಿ ಹುಟ್ಟಿದ್ದೂ ಚಹಾ ವ್ಯಾಪಾರಿಗಳ ಕೈಯಲ್ಲೇ. 1859ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ, ಚಹಾವನ್ನು ಅಗ್ಗದ ದರಕ್ಕೆ ಮಾರಿ ಹೆಸರು ಮಾಡಿದ, ಮುಂದೆ ‘ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿ’ ಎಂಬ ಉದ್ದನೆಯ ಹೆಸರು ಹೊತ್ತರೂ ಜನರ ಬಾಯಲ್ಲಿ ಬರೀ ‘ಎ ಅಂಡ್ ಪಿ’ ಎಂದೇ ಉಳಿದ ಕಿರಾಣಿ ಸಂಸ್ಥೆಯ ಸ್ವಂತ ಸರಕು ಇದು. 1930ರ ಹೊತ್ತಿಗೆ ಆ ಸಂಸ್ಥೆಗೆ ಸುಮಾರು 16,000 ಅಂಗಡಿಗಳಿದ್ದವು.

ಹಿಲ್ಸ್ ಬ್ರದರ್ಸ್ ಕಂಪನಿ 1900ರಲ್ಲಿಯೇ ಗಾಳಿ ತೆಗೆದ ಡಬ್ಬಿಯಲ್ಲಿ ಕಾಫಿ ತುಂಬಿ ಮಾರಲು ಶುರುಮಾಡಿತ್ತು. ಎ ಅಂಡ್ ಪಿ ಹಿಡಿದ ದಾರಿ ಬೇರೆ. ಬ್ರೆಜಿಲ್, ಕೊಲಂಬಿಯಾಗಳಲ್ಲಿ ತನ್ನದೇ ಜನರ ಮೂಲಕ ಬೀಜ ಕೊಂಡು, ತನ್ನದೇ ಕಾರ್ಖಾನೆಗಳಲ್ಲಿ ಹುರಿದು, ಕಾಗದದ ಚೀಲದಲ್ಲಿ ಇಡಿಯಾಗಿಯೇ ಅಂಗಡಿಗೆ ಕಳುಹಿಸುತ್ತಿತ್ತು. ಗಿರಾಕಿ ಆರಿಸಿದ ಬೀಜವನ್ನು ಅವರ ಕಣ್ಣೆದುರೇ ಯಂತ್ರಕ್ಕೆ ಹಾಕಿ, ಮನೆಯಲ್ಲಿ ಬಳಸುವ ಪಾತ್ರೆಗೆ ತಕ್ಕಂತೆ ತರಿಯಾಗಿಯೋ ನುಣ್ಣಗೋ ಬೀಸಿಕೊಡಲಾಗುತ್ತಿತ್ತು. ನಡುವೆ ಬೇರೆಯವರ ಲಾಭ ಸೇರದ ಕಾರಣ ಬೆಲೆಯೂ ಕಡಿಮೆ. ವಾರಕ್ಕಾಗುವಷ್ಟೇ ಜೋಳವನ್ನು ಗಿರಣಿಗೆ ಒಯ್ಯುವ ನಮ್ಮ ಭಾಗದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ: ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ. ಪುಡಿಯಾದ ಕಾಫಿಯೂ ಗಾಳಿ ಸೋಕಿದಂತೆಲ್ಲ ಪರಿಮಳ ಕಳೆದುಕೊಳ್ಳುತ್ತದೆ. ಬೀಸುವಾಗ ಅಂಗಡಿಯ ತುಂಬ ಹರಡುತ್ತಿದ್ದ ಘಮಕ್ಕಿಂತ ದೊಡ್ಡ ಜಾಹೀರಾತು ಇನ್ನೊಂದಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೆ ‘ರೆಡ್ ಸರ್ಕಲ್’, ‘ಬೋಕಾರ್’ ಎಂಬ ಇನ್ನೆರಡು ಕಾಫಿಗಳೂ ಇದ್ದವು. ಮೂರರಲ್ಲಿ ಸೌಮ್ಯವಾದದ್ದು ಎಯ್ಟ್ ಓ ಕ್ಲಾಕ್. ಕೆಂಪು ಚೀಲದ ಅದೇ ಕೊನೆಗೂ ಮನೆಮಾತಾಯಿತು.

ಅಂಗಡಿಯ ವೈಭವ ಮಾತ್ರ ಉಳಿಯಲಿಲ್ಲ. 2003ರಲ್ಲಿ ಎ ಅಂಡ್ ಪಿ ಈ ಕಾಫಿಯನ್ನು ಹೂಡಿಕೆದಾರರಿಗೆ ಮಾರಿತು. 2006ರಲ್ಲಿ ಅವರಿಂದ ಸುಮಾರು 22 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಕೊಡಗಿನಲ್ಲಿ ತೋಟಗಳಿದ್ದ ಟಾಟಾ ಕಾಫಿ. 2015ರಲ್ಲಿ ದಿವಾಳಿಯಾದ ಎ ಅಂಡ್ ಪಿ ಬಾಗಿಲು ಹಾಕಿತು. ಅಂಗಡಿಗಾಗಿ ಹುಟ್ಟಿದ ಸರಕು ಅಂಗಡಿಯನ್ನೇ ಮೀರಿ ಬದುಕಿದ್ದು ಅಪರೂಪದ ಸಂಗತಿ. ಜನ ಹಚ್ಚಿಕೊಂಡದ್ದು ಅಂಗಡಿಯ ಫಲಕವನ್ನಲ್ಲ, ತಾಜಾ ಬೀಜವನ್ನು ಎಂದು ನಾನು ತಿಳಿಯುತ್ತೇನೆ.

ಅಮೆರಿಕದಲ್ಲಿರುವ ಬಂಧುಗಳು ಬರುವಾಗ ಒಂದು ಚೀಲ ತಂದುಕೊಡುತ್ತಾರೆ. ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್ನಿಗೆ ಒಗ್ಗಿದ ನಾಲಿಗೆಗೆ ಇದು ಮೊದಲು ತೆಳುವೆನಿಸುತ್ತದೆ, ಅದರಲ್ಲೂ ನಮ್ಮ ಎಮ್ಮೆಯ ಹಾಲು ಬೆರೆಸಿದರೆ ಕಾಫಿಯ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಹಾಲಿಲ್ಲದೆ, ಸಕ್ಕರೆಯನ್ನೂ ಹಾಕದೆ ಕುಡಿಯುವುದೇ ಸರಿ. ಆಗ ಹುರಿದ ಬೀಜದ ಹದವಾದ ಕಹಿ, ಅದರ ಹಿಂದೆ ಸಣ್ಣನೆಯ ಸಿಹಿ ತಿಳಿಯುತ್ತವೆ. ನಲವತ್ತು ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರವಿಟ್ಟು, ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಮಿಕ್ಸರಿನಲ್ಲಿ ತುಸು ತರಿಯಾಗಿ ಪುಡಿ ಮಾಡಿಕೊಳ್ಳುತ್ತೇನೆ.