ರೆಕ್ಕೆ ಕಳಚಿ ಬಂದ ವಿಮಾನದ ಮುಂದೆ ಮಾವ

ಶಿರಸಿಯಿಂದ ಬೆಳಗ್ಗೆ ಬೇಗ ಹೊರಟು ದೇವಿಮನೆ ಘಟ್ಟ ಇಳಿದೆವು. ಕಾರವಾರ ಮುಟ್ಟುವವರೆಗೂ ಮಾವ ಜಾಸ್ತಿ ಮಾತಾಡಲಿಲ್ಲ. ನೌಕಾಪಡೆಯಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವನು ಅವನು. 1988ರಲ್ಲಿ ಸೋವಿಯತ್ ಒಕ್ಕೂಟದ ಟುಪೊಲೆವ್ 142 ಎಂಬ ಕಡಲ ಗಸ್ತಿನ ವಿಮಾನಗಳು ಗೋವಾಕ್ಕೆ ಬಂದಾಗ ಅಲ್ಲೇ ಕೆಲಸದಲ್ಲಿದ್ದ. ಈಗ ಅದೇ ಜಾತಿಯ ಒಂದು ವಿಮಾನ ಟ್ಯಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಹತ್ತಿರ ನಿಂತಿದೆ ಅಂದಮೇಲೆ ಅವನು ಮನೆಯಲ್ಲಿ ಕೂರುವುದುಂಟಾ?

ನಾನು ಅದರ ಗಾತ್ರ ನೋಡಿ ಬೆರಗಾಗಿ ನಿಂತೆ. ಮಾವ ಸೀದಾ ರೆಕ್ಕೆಯ ಬುಡಕ್ಕೆ ಹೋಗಿ ಬಹಳ ಹೊತ್ತು ತಲೆಯೆತ್ತಿ ನೋಡಿದ.

"ಮಾವ, ಇದು ಮತ್ತೆ ಹಾರಬಹುದಾ?"

"ಇಲ್ಲ ತಮಾ." ದನಿ ಮೆತ್ತಗಿತ್ತು.

ಈ ವಿಮಾನಗಳು ಸೇವೆಯಿಂದ ಇಳಿದದ್ದು 2017ರಲ್ಲಿ. ಇದನ್ನು ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ರಸ್ತೆ ಮೇಲೆ ತಂದು ಇಲ್ಲಿ ಜೋಡಿಸಿದರು. ನೋಡಲಿಕ್ಕೆ ಜೋಡಿಸುವುದು ಬೇರೆ, ಹಾರಲಿಕ್ಕೆ ಜೋಡಿಸುವುದು ಬೇರೆ ಅಂದ ಮಾವ. ಹಾರುವಾಗ ಭಾರವೆಲ್ಲ ಬೀಳುವುದು ರೆಕ್ಕೆಯೊಳಗಿನ ತೊಲೆಯ ಮೇಲೆ. ಅದಕ್ಕೆ ಸ್ಪಾರ್ ಅಂತಾರೆ. ಅಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ನಂಬುವಂತಿಲ್ಲ. ಮೇಲಿಂದ ನಾಲ್ಕು ಎಂಜಿನ್, ಒಂದೊಂದೂ ಸುಮಾರು 15,000 ಅಶ್ವಶಕ್ತಿಯದು. ಒಂದೊಂದಕ್ಕೂ ಎದುರುಬದುರು ತಿರುಗುವ ಎರಡೆರಡು ಪ್ರೊಪೆಲ್ಲರ್. ಅವನ್ನು ಬಿಚ್ಚಿ ಕಟ್ಟಬಲ್ಲ ಕೈಗಳನ್ನು ಈಗ ಎಲ್ಲಿಂದ ತರುವುದು? ಬ್ರಿಟನ್ನಿನಲ್ಲಿ ವಲ್ಕನ್ ಬಾಂಬರ್ ಒಂದನ್ನು 2007ರಲ್ಲಿ ಮತ್ತೆ ಹಾರಿಸಿದರು. ಜನ ಕೈಬಿಚ್ಚಿ ದೇಣಿಗೆ ಕೊಟ್ಟಿದ್ದರು. ಆದರೂ 2015ಕ್ಕೆ ಅದು ನೆಲ ಹಿಡಿಯಿತು. ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಹಿಂದೆ ಸರಿದಿದ್ದವು.

ಬನ್ಸ್ ಭಾಜಿ ತಿನ್ನಲು ಕೂತ ಹೋಟೆಲಿನ ಕಿಟಕಿಯದು ಅಲ್ಯೂಮಿನಿಯಂ ಚೌಕಟ್ಟು. ಅದರ ಕಬ್ಬಿಣದ ಸ್ಕ್ರೂ ಸುತ್ತ ಬಿಳಿ ಪುಡಿ ಕಟ್ಟಿತ್ತು. ಮಾವ ಉಗುರಲ್ಲಿ ಕೆರೆದ. ಪುಡಿಯ ಕೆಳಗೆ ಲೋಹ ಹಾಳೆ ಹಾಳೆಯಾಗಿ ಎದ್ದಿತ್ತು. "ಉಪ್ಪುಗಾಳಿ ಮಾಡುವ ಕೆಲಸ ಇದು. ವಿಮಾನದ ಮೈಯೂ ಇದೇ ಲೋಹ ಅಲ್ವಾ? ರಿವೆಟ್ ಪಕ್ಕ ಹೀಗೆ ಉಬ್ಬಿದರೆ ಒಳಗೆ ಎಷ್ಟು ತಿಂದಿದೆ ಅಂತ ಬಿಚ್ಚಿಯೇ ನೋಡಬೇಕು." ಹಳೇ ವಿಮಾನ ಹಾರುತ್ತದೋ ಇಲ್ಲವೋ ಅನ್ನುವುದು ಅದು ಸುಮ್ನೆ ನಿಂತ ವರ್ಷಗಳಲ್ಲೇ ತೀರ್ಮಾನವಾಗುತ್ತದಂತೆ.

ಚಹಾ ಬಂದ ಮೇಲೆ ಅವನ ಮುಖ ಅರಳಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ನಮ್ಮ ಎಚ್‌ಎಎಲ್‌ನವರು ಹಾರುವಷ್ಟು ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡೇ ಬಂದರು. ಅಲ್ಲಿ ಪೂರ್ತಿ ಸರಿಮಾಡಿದರು. ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅವುಗಳಲ್ಲೊಂದು ಅಮೆರಿಕ ಸೇರಿ, 1989ರಲ್ಲಿ ಮತ್ತೆ ಹಾರಿತು. ನಮ್ಮವರ ಕೈ ಅದು! ಹಳೇ ಸಾಗಣೆ ವಿಮಾನ ಡಕೋಟಾ ಕೂಡ ಹಾಗೆಯೇ. ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂತು. ಅದಕ್ಕೆ ಪರಶುರಾಮ ಅಂತ ಹೆಸರಿಟ್ಟರು. ಆ ಜಾತಿಯವು ಹತ್ತು ಸಾವಿರಕ್ಕೂ ಜಾಸ್ತಿ ತಯಾರಾಗಿದ್ದವು, ಹಾಗಾಗಿ ಬಿಡಿಭಾಗ ಇನ್ನೂ ಸಿಗುತ್ತವೆ, ರಿಪೇರಿ ಗೊತ್ತಿದ್ದವರೂ ಇದ್ದಾರೆ.

ಇದನ್ನೆಲ್ಲ ಕೇಳಿ ನನಗೆ ಅನಿಸಿದ್ದು ಇಷ್ಟು. ಟುಪೊಲೆವ್‌ನಂಥ ದೈತ್ಯ ಇಲ್ಲೇ ನಿಲ್ಲಲಿ, ಮಕ್ಕಳು ನೋಡಲಿ. ಆದರೆ ಘಾಟಗೆಯವರು ವಿನ್ಯಾಸ ಮಾಡಿದ, 1951ರಲ್ಲಿ ಮೊದಲು ಹಾರಿದ ನಮ್ಮದೇ ಎಚ್‌ಟಿ-2ನಂಥ ಪುಟ್ಟ ತರಬೇತಿ ವಿಮಾನಗಳನ್ನು ಮಳೆ ಬಿಸಿಲಿಗೆ ಬಿಡಬಾರದು. ಒಂದು ಸೂರು, ಒಂದಿಷ್ಟು ಗ್ರೀಸು, ಎಲ್ಲ ರಿಪೇರಿಯ ದಾಖಲೆ ಇದ್ದರೆ ಅಂಥವನ್ನು ಹಾರಿಸುವ ಆಸೆ ಇಟ್ಟುಕೊಳ್ಳಬಹುದು.

ಆ ರಾತ್ರಿ ಮಾವ ಅಟ್ಟದ ಟ್ರಂಕಿನಿಂದ ತರಬೇತಿ ಕಾಲದ ನೋಟ್‌ಬುಕ್ ಇಳಿಸಿದ. ರಿವೆಟ್ ಹೊಡೆಯುವ ಕ್ರಮ, ಬಿರುಕು ಹುಡುಕುವ ಬಗೆ, ಎಲ್ಲ ಪೆನ್ಸಿಲ್ ಚಿತ್ರದ ಸಮೇತ ಇದೆ. ದಿನಕ್ಕೆ ಎರಡು ಪುಟ ಟೈಪ್ ಮಾಡುತ್ತಿದ್ದೇನೆ. ಅಕ್ಷರ ಅಳಿಸಿದಲ್ಲಿ ಮಾವ ಪಕ್ಕದಲ್ಲಿ ಕೂತು ನೆನಪಿನಿಂದ ಹೇಳುತ್ತಾನೆ.