ನೆಲದಡಿಯ ನೀರಿನ ಕುರುಡು ನಿವಾಸಿಗಳು

ಅಂತರ್ಜಲವನ್ನು ಆಳ, ಇಳುವರಿ, ಗಡಸುತನಗಳ ಲೆಕ್ಕದಲ್ಲಷ್ಟೇ ನೋಡುವವರಿಗೆ, ಬಂಡೆಯ ಬಿರುಕುಗಳಲ್ಲಿಯೂ ಮರಳಿನ ಕಣಗಳ ನಡುವಿನ ಸಂದುಗಳಲ್ಲಿಯೂ ಬೆಳಕನ್ನೇ ಕಾಣದೆ ಬಾಳುವ ಪ್ರಾಣಿಗಳಿವೆಯೆಂಬುದು ಅಚ್ಚರಿಯೆನಿಸಬಹುದು. ಇವುಗಳಲ್ಲಿ ಹೆಚ್ಚಿನವು ಸೀಗಡಿಯ ದೂರದ ಸಂಬಂಧಿಗಳು. ಮೈಗೆ ಬಣ್ಣವಿಲ್ಲ, ಕಣ್ಣುಗಳು ಕುಗ್ಗಿವೆ ಅಥವಾ ಇಲ್ಲವೇ ಇಲ್ಲ. ಮೇಲ್ಮಣ್ಣಿನಿಂದ ಸೋಸಿ ಬರುವ ಅತ್ಯಲ್ಪ ಸಾವಯವ ಅಂಶವನ್ನೂ ಅದರ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನೂ ನಂಬಿರುವುದರಿಂದ ಅವು ನಿಧಾನವಾಗಿ ಬೆಳೆಯುತ್ತವೆ, ಕೆಲವೇ ಮೊಟ್ಟೆಗಳನ್ನಿಡುತ್ತವೆ. ಹೀಗಾಗಿ ಅತಿಯಾದ ನೀರೆತ್ತುವಿಕೆಯಿಂದ ಒಮ್ಮೆ ಕುಸಿದ ಸಂತತಿ ಬೇಗ ಚೇತರಿಸಿಕೊಳ್ಳಲಾರದು. ಬ್ಯಾಥಿನೆಲ್ಲಾ ಎಂಬ ಪುಟ್ಟ ಜೀವಿಯನ್ನು 1882ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪ್ರಾಗ್ ನಗರದ ಬಾವಿಯೊಂದು! ಇಂದಿಗೂ ಸಂಶೋಧಕರು ಕೊಳವೆಬಾವಿಗಳಿಗೆ ನವಿರಾದ ಬಲೆಯಿಳಿಸಿ, ತಳದ ಹೂಳನ್ನು ಕದಡಿ ಮಾದರಿ ಸಂಗ್ರಹಿಸುತ್ತಾರೆ. ಆದರೆ ಬಾವಿಯೆಂಬುದು ವಿಶಾಲ ಜಲಸ್ತರಕ್ಕೆ ಕೊರೆದ ಒಂದು ಕಿರುರಂಧ್ರವಷ್ಟೇ ಆದ್ದರಿಂದ, ಬರಿದಾಗಿ ಬಂದ ಬಲೆಯನ್ನು ನೋಡಿ ಅಲ್ಲಿ ಜೀವಿಗಳೇ ಇಲ್ಲವೆಂದು ತೀರ್ಮಾನಿಸುವುದು ನನ್ನ ದೃಷ್ಟಿಯಲ್ಲಿ ಆತುರವಾದೀತು.